ಆರಾಧನಾಲಯ ಖಾಲಿಯಾದಾಗ

ಅಲ್ಲಾಹನಿಗೆ ಸ್ತುತಿ. ಪ್ರವಾದಿವರ್ಯರ(ಸ) ಮೇಲೆ, ಅವರ ಕುಟುಂಬದವರ ಮೇಲೆ ಮತ್ತು ಸಹಾಬಿಗಳ ಮೇಲೆ ಸಲಾತ್ ಮತ್ತು ಸಲಾಮ್.

ಯುರೋಪಿನ ಚರ್ಚುಗಳ ಕುರಿತ ವೀಡಿಯೊಗಳು ನಮ್ಮವರ ಮೊಬೈಲುಗಳಲ್ಲಿ ಆಗಾಗ ಓಡಾಡುತ್ತವೆ. ಒಂದರಲ್ಲಿ ಚರ್ಚಿನೊಳಗೆ ಪುಸ್ತಕದಂಗಡಿ ಇರುತ್ತದೆ, ಇನ್ನೊಂದರಲ್ಲಿ ಹೋಟೆಲು, ಮತ್ತೊಂದರಲ್ಲಿ ಹುಡುಗರು ಸ್ಕೇಟಿಂಗ್ ಆಡುತ್ತಿರುತ್ತಾರೆ. ಅದರ ಕೆಳಗೆ, ‘ಅಲ್ಲಿ ಚರ್ಚುಗಳೆಲ್ಲ ಮಸೀದಿಗಳಾಗುತ್ತಿವೆ, ಮಾಷಾ ಅಲ್ಲಾಹ್’ ಎಂದು ಯಾರೋ ಬರೆದಿರುತ್ತಾರೆ. ಜುಮಾ ಮುಗಿದ ಬಳಿಕ ಕೆಲವರು ನಮ್ಮಲ್ಲಿ ಕೇಳುವುದುಂಟು: ಇದು ನಿಜವೇ? ದೇವರ ಆರಾಧನೆಗೆ ಕಟ್ಟಿದ ಮನೆಯನ್ನು ಮಾರಬಹುದೇ? ಮಸೀದಿಯ ವಿಷಯದಲ್ಲಿ ಶರೀಅತ್ ಏನು ಹೇಳುತ್ತದೆ? ಈ ಪ್ರಶ್ನೆಗಳಿಗೆ ನಾವು ಖುತ್ಬಾದಲ್ಲಿ ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಮೊದಲೇ ಒಂದು ಮಾತು. ಇದು ಇನ್ನೊಂದು ಸಮುದಾಯದ ಸೋಲನ್ನು ನೋಡಿ ಸಂತೋಷಪಡುವ ವಿಷಯವಲ್ಲ. ಏಕೆ ಅಲ್ಲ ಎಂಬುದು ಲೇಖನ ಮುಗಿಯುವಷ್ಟರಲ್ಲಿ ಓದುಗರಿಗೇ ತಿಳಿದೀತು.

ಅಲ್ಲಿ ನಿಜವಾಗಿ ಆಗುತ್ತಿರುವುದೇನು?

ನೆದರ್‌ಲ್ಯಾಂಡ್ಸ್ ದೇಶದ ಮಾಸ್ಟ್ರಿಕ್ಟ್ ನಗರದಲ್ಲಿ ಡೊಮಿನಿಕನ್ ಪಂಥದ ಸನ್ಯಾಸಿಗಳು ಕಟ್ಟಿದ ಒಂದು ಚರ್ಚಿದೆ. ಅದು 1294ರಲ್ಲಿ ಆರಾಧನೆಗೆ ತೆರೆದುಕೊಂಡಿತು. ಐನೂರು ವರ್ಷ ಅಲ್ಲಿ ಪ್ರಾರ್ಥನೆ ನಡೆಯಿತು. 1794ರಲ್ಲಿ ಫ್ರೆಂಚ್ ಸೈನ್ಯ ನಗರವನ್ನು ವಶಪಡಿಸಿಕೊಂಡ ಮೇಲೆ ಪ್ರಾರ್ಥನೆ ನಿಂತಿತು. ಆಮೇಲೆ ಆ ಕಟ್ಟಡ ಗೋದಾಮಾಯಿತು. ಸೈಕಲ್ ನಿಲ್ಲಿಸುವ ಜಾಗವೂ ಆಯಿತು. 2006ರಲ್ಲಿ ಅದರೊಳಗೆ ಹಲವು ಅಂತಸ್ತಿನ ಉಕ್ಕಿನ ಕಪಾಟುಗಳನ್ನು ನಿಲ್ಲಿಸಿ ಪುಸ್ತಕದಂಗಡಿ ತೆರೆದರು. ಪಾದ್ರಿಗಳು ನಿಲ್ಲುತ್ತಿದ್ದ ಭಾಗದಲ್ಲಿ ಈಗ ಜನ ಕಾಫಿ ಕುಡಿಯುತ್ತಾರೆ. ಅಲ್ಲಿನ ಮೇಜು ಶಿಲುಬೆಯ ಆಕಾರದಲ್ಲಿದೆ. ಅದೇ ನಗರದಲ್ಲಿ 15ನೇ ಶತಮಾನದ ಒಂದು ಕ್ರೈಸ್ತ ಮಠ 2005ರಿಂದ ಹೋಟೆಲಾಗಿದೆ. ಅದೇ ದೇಶದ ಆರ್ನೆಮ್ ನಗರದಲ್ಲಿ ಸಂತ ಜೋಸೆಫರ ಚರ್ಚು ಹುಡುಗರ ಸ್ಕೇಟಿಂಗ್ ಅಂಗಳವಾಯಿತು. ಉಟ್ರೆಕ್ಟ್ ನಗರದ ಒಂದು ಸಣ್ಣ ಚರ್ಚು 2009ರಲ್ಲಿ ಒಂದು ಕುಟುಂಬದ ವಾಸದ ಮನೆಯಾಯಿತು.

ಕೆನಡಾದ ಕ್ವಿಬೆಕ್ ಪ್ರಾಂತವನ್ನು ನೋಡಿ. ಅರುವತ್ತು ಎಪ್ಪತ್ತು ವರ್ಷಗಳ ಹಿಂದೆ ಅಲ್ಲಿನ ಜನ ಭಾನುವಾರ ಚರ್ಚು ತಪ್ಪಿಸುತ್ತಿರಲಿಲ್ಲ. ಇಂದು ಅಲ್ಲಿನ ಚರ್ಚುಗಳಲ್ಲಿ ಕೆಲವು ಗ್ರಂಥಾಲಯ, ಕೆಲವು ನಾಟಕಶಾಲೆ, ಕೆಲವು ವ್ಯಾಯಾಮಶಾಲೆ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಉದಾಹರಣೆ ಇನ್ನೂ ಕಹಿ. 1902ರಲ್ಲಿ ಕಟ್ಟಿದ ಸಂತ ಯೊವಾನ್ನರ ಚರ್ಚು 1993ರಲ್ಲಿ ಮುಚ್ಚಿತು. 1996ರಲ್ಲಿ ಅದು ಬಿಯರ್ ತಯಾರಿಸುವ ಕಾರ್ಖಾನೆ ಮತ್ತು ಹೋಟೆಲಾಯಿತು. ಬಿಯರ್ ಕುದಿಸುವ ದೊಡ್ಡ ಹಂಡೆಗಳನ್ನು ಇಟ್ಟಿರುವುದು ಬೇರೆಲ್ಲೂ ಅಲ್ಲ, ಬಲಿಪೀಠವಿದ್ದ ಜಾಗದಲ್ಲೇ. ಯೊವಾನ್ನರೆಂದರೆ ನಾವು ಪ್ರವಾದಿ ಯಹ್ಯಾ(ಅ) ಎಂದು ಗೌರವಿಸುವವರು. ಅವರ ಹೆಸರಿನ ಆರಾಧನಾಲಯದಲ್ಲಿ ಮದ್ಯದ ಹಂಡೆ ಎಂದರೆ ಮುಸ್ಲಿಮನ ಮನಸ್ಸಿಗೂ ನೋವಾಗಬೇಕು.

ಹಾಗಾದರೆ ಮಸೀದಿಗಳಾದವು ಇಲ್ಲವೇ? ಕೆಲವು ಇವೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1929ರಲ್ಲಿ ಕಟ್ಟಿದ ಒಂದು ಕ್ಯಾಥೊಲಿಕ್ ಚರ್ಚು ಮುಚ್ಚಿ, ನಡುವೆ ಕಾರ್ಪೆಟ್ ಮಾರುವ ಅಂಗಡಿಯಾಗಿ, 1981ರಲ್ಲಿ ತುರ್ಕಿ ಮೂಲದವರ ಫಾತಿಹ್ ಮಸೀದಿಯಾಯಿತು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1961ರ ಕಪರ್ನೌಮ್ ಚರ್ಚು 2002ರಲ್ಲಿ ಮುಚ್ಚಿತು. ಅದನ್ನು ಖಾಸಗಿಯವರು ಕೊಂಡುಕೊಂಡರು. ಅಲ್ ನೂರ್ ಇಸ್ಲಾಮಿಕ್ ಕೇಂದ್ರದವರು ವಾಹನ ನಿಲ್ಲಿಸುವ ನೆಲಮಾಳಿಗೆಯಲ್ಲಿ ನಮಾಝ್ ಮಾಡುತ್ತಿದ್ದರು. ಅವರು 2012ರಲ್ಲಿ ಅದನ್ನು ಹಣ ಕೊಟ್ಟು ಕೊಂಡು, ದುರಸ್ತಿ ಮಾಡಿ, 2018ರಲ್ಲಿ ಮಸೀದಿಯಾಗಿ ತೆರೆದರು. ಆದರೆ ಇಂಥವು ಬೆರಳೆಣಿಕೆಯಷ್ಟೇ. ಮುಚ್ಚಿದ ಚರ್ಚುಗಳಲ್ಲಿ ಹೆಚ್ಚಿನವು ಮನೆ, ಸಭಾಂಗಣ, ಅಂಗಡಿ, ಕಚೇರಿ, ಕಲಾಕೇಂದ್ರಗಳಾಗುತ್ತವೆ. ‘ಎಲ್ಲವೂ ಮಸೀದಿಯಾಗುತ್ತಿವೆ’ ಎಂಬುದು ಸುಳ್ಳು. ನಮ್ಮವರು ಅದನ್ನು ಹೆಮ್ಮೆಯಿಂದ ಹಂಚುತ್ತಾರೆ. ಅಲ್ಲಿನ ಮುಸ್ಲಿಮ್ ದ್ವೇಷಿಗಳು ಅದೇ ಮಾತನ್ನು ಜನರನ್ನು ಹೆದರಿಸಲು ಹಂಚುತ್ತಾರೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕು ಎಂಬ ಅರ್ಥದ ಪ್ರವಾದಿ ವಚನವನ್ನು ಫಾರ್ವರ್ಡ್ ಗುಂಡಿ ಒತ್ತುವ ಮುನ್ನ ನೆನಪಿಸಿಕೊಳ್ಳೋಣ.

ಒಂದು ಚರ್ಚನ್ನು ಮುಚ್ಚುವ ಕ್ರಮ

ಕ್ರೈಸ್ತರು ತಮ್ಮ ಆರಾಧನಾಲಯಗಳನ್ನು ಹಗುರವಾಗಿ ಮಾರಿಬಿಡುತ್ತಾರೆ ಎಂದು ತಿಳಿದವರಿದ್ದಾರೆ. ಅದು ಸರಿಯಲ್ಲ. ಕ್ಯಾಥೊಲಿಕ್ ಸಭೆಯ ಧರ್ಮಶಾಸನದ 1222ನೇ ಕಲಮಿನಂತೆ, ದುರಸ್ತಿ ಅಸಾಧ್ಯವಾದ ಅಥವಾ ಗಂಭೀರ ಕಾರಣವಿರುವ ಚರ್ಚನ್ನು ಬಿಷಪರು ಲೌಕಿಕ ಬಳಕೆಗೆ ಬಿಟ್ಟುಕೊಡಬಹುದು. ಆದರೆ ಪಾದ್ರಿಗಳ ಮಂಡಳಿಯೊಡನೆ ಸಮಾಲೋಚಿಸಿರಬೇಕು, ಅದರಲ್ಲಿ ಹಕ್ಕುಳ್ಳವರ ಒಪ್ಪಿಗೆ ಇರಬೇಕು, ಭಕ್ತರ ಆತ್ಮಗಳಿಗೆ ಹಾನಿಯಾಗಬಾರದು, ಮುಂದಿನ ಬಳಕೆ ಹೊಲಸಾಗಿರಬಾರದು. 2018ರ ನವೆಂಬರಿನಲ್ಲಿ ರೋಮಿನಲ್ಲಿ ಇದೇ ವಿಷಯದ ಮೇಲೆ ಒಂದು ದೊಡ್ಡ ಸಮ್ಮೇಳನ ನಡೆದು, ವ್ಯಾಟಿಕನ್ ಕಡೆಯಿಂದ ಮಾರ್ಗಸೂಚಿಯೂ ಬಂತು. ಮುಚ್ಚಿದ ಚರ್ಚನ್ನು ಲಾಭದ ವ್ಯಾಪಾರಕ್ಕೆ ಕೊಡುವುದಕ್ಕಿಂತ ಸಂಸ್ಕೃತಿ ಮತ್ತು ಸಮಾಜಸೇವೆಗೆ ಕೊಡುವುದು ಮೇಲು ಎಂಬುದು ಅದರ ಸಾರ.

ಇಂಗ್ಲೆಂಡಿನ ಆಂಗ್ಲಿಕನ್ ಸಭೆ 1968ರಲ್ಲಿ ಇದಕ್ಕಾಗಿಯೇ ಕಾನೂನು ಮಾಡಿತು. ಊರಿನ ಸಭೆ ಮತ್ತು ಬಿಷಪರ ಕಡೆಯಿಂದ ಪ್ರಸ್ತಾವ ಬಂದ ಮೇಲೆ ಕೇಂದ್ರ ಮಂಡಳಿ ಕರಡು ಪ್ರಕಟಿಸುತ್ತದೆ. ಯಾರು ಬೇಕಾದರೂ ಆಕ್ಷೇಪ ಸಲ್ಲಿಸಬಹುದು. ಚರ್ಚು ಮುಚ್ಚಿದರೆ ತಕ್ಕ ಬಳಕೆ ಹುಡುಕಬೇಕು. ಸಿಗದಿದ್ದರೆ ಕೆಡವಬೇಕು, ಇಲ್ಲವೇ ಅದು ಅಮೂಲ್ಯ ಕಟ್ಟಡವಾದರೆ ಸಂರಕ್ಷಣಾ ಟ್ರಸ್ಟ್‌ಗೆ ಒಪ್ಪಿಸಬೇಕು. ಆ ಟ್ರಸ್ಟ್ ಈಗ 350ಕ್ಕೂ ಹೆಚ್ಚು ಚರ್ಚುಗಳನ್ನು ನೋಡಿಕೊಳ್ಳುತ್ತಿದೆ. ಸುತ್ತಲಿನ ಸಮಾಧಿಗಳ ವಿಷಯದಲ್ಲಿ ಬೇರೆ ನಿಯಮಗಳಿವೆ. ಗಂಟೆ, ಬಲಿಪೀಠ, ದೀಕ್ಷಾಸ್ನಾನದ ತೊಟ್ಟಿಗಳನ್ನು ಬೇರೆ ಚರ್ಚಿಗೆ ಸಾಗಿಸಲು ನೋಡುತ್ತಾರೆ. ಕೊನೆಯ ಪ್ರಾರ್ಥನೆಯ ದಿನ ಅಲ್ಲಿ ಮದುವೆಯಾದವರು, ಅಪ್ಪ ಅಮ್ಮನನ್ನು ಅಲ್ಲೇ ಮಣ್ಣು ಮಾಡಿದವರು ಬಂದು ಅಳುತ್ತಾರೆ. ಅವರ ದುಃಖ ನಮಗೆ ಅರ್ಥವಾಗದಷ್ಟು ದೂರದ್ದಲ್ಲ. 1947ರ ವಿಭಜನೆಯ ಬಳಿಕ ಪಂಜಾಬ್ ಮತ್ತು ಹರಿಯಾಣದ ಎಷ್ಟೋ ಹಳ್ಳಿಗಳಲ್ಲಿ ನಮಾಝ್ ಮಾಡುವವರೇ ಇಲ್ಲದೆ ಮಸೀದಿಗಳು ಮನೆ, ಉಗ್ರಾಣ, ದನದ ಕೊಟ್ಟಿಗೆಗಳಾದವು. ಅದೇ ಪಂಜಾಬಿನ ಕೆಲವು ಹಳ್ಳಿಗಳಲ್ಲಿ ಈಚಿನ ವರ್ಷಗಳಲ್ಲಿ ಸಿಖ್ ಸಹೋದರರೇ ಮುಂದೆ ನಿಂತು ಮಸೀದಿ ಕಟ್ಟಲು ನೆರವಾದದ್ದೂ ಉಂಟು.

ಏಕೆ ಖಾಲಿಯಾದವು?

ಇದು ನಮಗೆ ಮುಖ್ಯವಾದ ಪ್ರಶ್ನೆ. ಮಾಸ್ಟ್ರಿಕ್ಟ್‌ನ ಚರ್ಚನ್ನು ಸೈನ್ಯ ಮುಚ್ಚಿಸಿತು. ಆದರೆ ಇಂದು ಮುಚ್ಚುತ್ತಿರುವ ಚರ್ಚುಗಳ ಬಾಗಿಲಿಗೆ ಯಾವ ಸೈನ್ಯವೂ ಬಂದಿಲ್ಲ, ಯಾವ ಸರಕಾರವೂ ಬೀಗ ಹಾಕಿಲ್ಲ. ಅದರ ಮಕ್ಕಳೇ ಬರುವುದನ್ನು ಬಿಟ್ಟರು. ಕಾರಣಗಳು ಮುಖ್ಯವಾಗಿ ಮೂರು.

ಮೊದಲನೆಯದು, ನಂಬಿಕೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಗಣತಿ ನೋಡಿ. ತಾವು ಕ್ರೈಸ್ತರು ಎಂದವರು 2001ರಲ್ಲಿ ಶೇ. 71.7 ಇದ್ದರು. 2011ರಲ್ಲಿ ಶೇ. 59.3ಕ್ಕೆ ಇಳಿದರು. 2021ರಲ್ಲಿ ಶೇ. 46.2 ಆದರು. ತಮಗೆ ಯಾವ ಧರ್ಮವೂ ಇಲ್ಲ ಎಂದವರು ಶೇ. 37.2ಕ್ಕೆ ಏರಿದರು. ಈ ಜನ ಇನ್ನೊಂದು ಧರ್ಮಕ್ಕೆ ಹೋಗಲಿಲ್ಲ, ಸುಮ್ಮನೆ ಎದ್ದು ಹೋದರು. ಅಜ್ಜ ವಾರಕ್ಕೊಮ್ಮೆ ಹೋಗುತ್ತಿದ್ದರು, ಅಪ್ಪ ಹಬ್ಬಕ್ಕೆ ಹೋಗುತ್ತಿದ್ದರು, ಮಗ ಮದುವೆಗೆ ಮಾತ್ರ ಹೋದ, ಮೊಮ್ಮಗನಿಗೆ ಅದು ಬರಿಯ ಹಳೆಯ ಕಟ್ಟಡ. ಯಾರೂ ಒಂದೇ ದಿನದಲ್ಲಿ ಬಿಡಲಿಲ್ಲ.

ಎರಡನೆಯದು ಖರ್ಚು. ಆಂಗ್ಲಿಕನ್ ಸಭೆಯ ಬಳಿ ಸುಮಾರು 16 ಸಾವಿರ ಚರ್ಚುಗಳಿವೆ. ಅವುಗಳಲ್ಲಿ ಸುಮಾರು 12,500 ಸಂರಕ್ಷಿತ ಕಟ್ಟಡಗಳು. ಒಂದು ಕಿಟಕಿಯ ಗಾಜು ಬದಲಿಸಲೂ ಅನುಮತಿ ಬೇಕು. ಮಾಡಿನ ಸೀಸದ ಹೊದಿಕೆ ಸೋರಿದರೆ ಲಕ್ಷಗಟ್ಟಲೆ ಖರ್ಚು. ಮುನ್ನೂರು ಜನರಿಗೆಂದು ಕಟ್ಟಿದ ಕಟ್ಟಡದ ಭಾರವನ್ನು ಹದಿನೈದು ಮಂದಿ ವೃದ್ಧರು ಹೊರಬೇಕು. ನೆದರ್‌ಲ್ಯಾಂಡ್ಸ್‌ನ ಕ್ಯಾಥೊಲಿಕ್ ಮುಖಂಡರೇ ತಮ್ಮ 1,600 ಚರ್ಚುಗಳಲ್ಲಿ ಮೂರರಲ್ಲಿ ಎರಡು ಪಾಲು ಹತ್ತು ವರ್ಷಗಳಲ್ಲಿ ಬಳಕೆಯಿಂದ ಹೊರಹೋಗಬಹುದೆಂದು 2015ರ ಸುಮಾರಿಗೆ ಅಂದಾಜಿಸಿದ್ದರು.

ಮೂರನೆಯ ಕಾರಣವನ್ನು ಓದುಗರು ಎರಡು ಬಾರಿ ಓದಬೇಕು. ಅದು ಜಗಳ. ಸ್ಕಾಟ್‌ಲ್ಯಾಂಡಿನ ಕಥೆಯನ್ನೇ ತೆಗೆದುಕೊಳ್ಳಿ. 1843ರಲ್ಲಿ ಅಲ್ಲಿನ ರಾಷ್ಟ್ರೀಯ ಚರ್ಚು ಒಡೆಯಿತು. ಊರಿನ ಪಾದ್ರಿಯನ್ನು ನೇಮಿಸುವ ಅಧಿಕಾರ ಜಮೀನುದಾರನದೋ ಭಕ್ತರದೋ ಎಂಬುದು ವಿವಾದ. ಸುಮಾರು 1,200 ಪಾದ್ರಿಗಳಲ್ಲಿ 450ಕ್ಕೂ ಹೆಚ್ಚು ಮಂದಿ ಸಂಬಳ, ಮನೆ ಎಲ್ಲವನ್ನೂ ಬಿಟ್ಟು ಹೊರಬಂದು ‘ಸ್ವತಂತ್ರ ಚರ್ಚು’ ಸ್ಥಾಪಿಸಿದರು. ಅವರ ತ್ಯಾಗ ಸಣ್ಣದಲ್ಲ, ಅವರ ವಾದದಲ್ಲಿ ಸತ್ಯವೂ ಇತ್ತು. ಆದರೆ ಫಲವೇನು? ಊರೂರಲ್ಲಿ ಹಳೆಯ ಚರ್ಚಿನ ಎದುರು ಹೊಸ ಚರ್ಚು ಎದ್ದಿತು. ಅವರ ಗೋಪುರಕ್ಕಿಂತ ನಮ್ಮದು ಎತ್ತರವಿರಲಿ ಎಂಬ ಪೈಪೋಟಿಯೂ ಸೇರಿತು. ಮುಂದೆ ಮಕ್ಕಳು ಮೊಮ್ಮಕ್ಕಳಿಗೆ ಜಗಳದ ಕಾರಣವೇ ಮರೆಯಿತು. 1929ರಲ್ಲಿ ಹೆಚ್ಚಿನವರು ಮತ್ತೆ ಒಂದಾದರು. ಒಂದಾದಾಗ ಒಂದೇ ಊರಿನಲ್ಲಿ ಎರಡು ಮೂರು ಚರ್ಚುಗಳು ಒಂದೇ ಸಭೆಯ ಕೈಯಲ್ಲಿ ಉಳಿದವು. ಸ್ಕಾಟ್‌ಲ್ಯಾಂಡ್ ಚರ್ಚಿಗೆ 1950ರ ದಶಕದಲ್ಲಿ 13 ಲಕ್ಷ ಸದಸ್ಯರಿದ್ದರು. ಇಂದು ಮೂರು ಲಕ್ಷಕ್ಕಿಂತಲೂ ಕಡಿಮೆ. ವೇಲ್ಸ್‌ನಲ್ಲೂ ಪಂಗಡ ಪಂಗಡಗಳ ಪೈಪೋಟಿಯಿಂದ ಹಳ್ಳಿಗೆ ಮೂರು ನಾಲ್ಕರಂತೆ ಎದ್ದ ಪ್ರಾರ್ಥನಾಮಂದಿರಗಳು ಈಗ ಮನೆಗಳಾಗಿವೆ, ಕಾರು ದುರಸ್ತಿಯ ಶೆಡ್ಡುಗಳೂ ಆಗಿವೆ.

ನಮ್ಮ ಊರುಗಳ ಕಡೆ ಕಣ್ಣು ಹಾಯಿಸೋಣ. ಒಂದು ಮೊಹಲ್ಲಾದಲ್ಲಿ ಒಂದು ಮಸೀದಿ ಇತ್ತು. ಕೈ ಎಲ್ಲಿ ಕಟ್ಟಬೇಕು, ಆಮೀನ್ ಗಟ್ಟಿಯಾಗಿ ಹೇಳಬೇಕೋ ಮೆಲ್ಲಗೋ, ಕಮಿಟಿಯ ಅಧ್ಯಕ್ಷ ಯಾರು, ಚುನಾವಣೆಯಲ್ಲಿ ಸೋತವರು ಯಾರು ಎಂಬುದರ ಮೇಲೆ ಎರಡಾಯಿತು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇನ್ನೊಂದು ಮಿನಾರ ಎದ್ದಿತು. ಎರಡರಲ್ಲೂ ಜುಮಾ ತುಂಬುತ್ತದೆ. ಫಜ್ರ್‌ನಲ್ಲಿ ಎರಡರಲ್ಲೂ ಒಂದು ಸಫ್ ತುಂಬುವುದಿಲ್ಲ. ಮಸೀದಿಗಳ ವಿಷಯದಲ್ಲಿ ಜನರು ಪರಸ್ಪರ ಹೆಮ್ಮೆ ಕೊಚ್ಚಿಕೊಳ್ಳುವುದು ಅಂತ್ಯದಿನದ ಲಕ್ಷಣಗಳಲ್ಲೊಂದು ಎಂದು ಅಬೂದಾವೂದ್‌ನ ಹದೀಸಿನಲ್ಲಿ ಬಂದಿದೆ. ನಿಜವಾದ ಅಗತ್ಯಕ್ಕೆ ಮಸೀದಿ ಕಟ್ಟುವುದು ಮಹಾ ಪುಣ್ಯ. ಸಿಟ್ಟಿಗೆ ಕಟ್ಟುವುದು ಬೇರೆ ವಿಷಯ. ಸಿಟ್ಟು ಒಂದು ತಲೆಮಾರಿಗೆ ಮುಗಿಯುತ್ತದೆ, ಕಟ್ಟಡದ ಖರ್ಚು ಮುಂದಿನ ತಲೆಮಾರಿಗೂ ಉಳಿಯುತ್ತದೆ.

ಮಸೀದಿಯನ್ನು ಮಾರಬಹುದೇ?

ಮಸೀದಿಗೆ ವಕ್ಫ್ ಮಾಡಿದ ನೆಲ ಅಲ್ಲಾಹನದು. ಒಮ್ಮೆ ಮಸೀದಿಯಾದ ನೆಲದ ಬಗ್ಗೆ ಇಮಾಮರ ಅಭಿಪ್ರಾಯಗಳನ್ನು ಚುಟುಕಾಗಿ ಹೇಳುತ್ತೇವೆ. ಹನಫೀ ಮದ್‌ಹಬ್‌ನಲ್ಲಿ ಇಮಾಮ್ ಅಬೂ ಯೂಸುಫ್(ರಹ) ಅವರ ಪ್ರಕಾರ ಸುತ್ತಲಿನ ಜನವಸತಿ ಹೋದರೂ ಅದು ಕಿಯಾಮತ್‌ವರೆಗೆ ಮಸೀದಿಯೇ. ಫತ್ವಾ ಇರುವುದು ಇದರ ಮೇಲೆ. ಜನ ಪೂರ್ತಿ ಬಿಟ್ಟುಹೋದರೆ ಅದು ವಕ್ಫ್ ಮಾಡಿದವನ ಅಥವಾ ಅವನ ವಾರಸುದಾರರ ಒಡೆತನಕ್ಕೆ ಮರಳುತ್ತದೆ ಎಂಬುದು ಇಮಾಮ್ ಮುಹಮ್ಮದ್(ರಹ) ಅವರ ಅಭಿಪ್ರಾಯ. ನಮ್ಮ ಕರಾವಳಿಯ ಹಲವರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲೂ ಮಸೀದಿ ಕುಸಿದು ಮತ್ತೆ ಕಟ್ಟಲಾಗದಿದ್ದರೂ ಅದರ ನೆಲ ಮಾರಾಟದ ವಸ್ತುವಾಗುವುದಿಲ್ಲ. ಹಂಬಲೀ ವಿದ್ವಾಂಸರು ಮಾತ್ರ, ಪ್ರಯೋಜನ ಪೂರ್ತಿ ನಿಂತುಹೋದಾಗ ಅದನ್ನು ಮಾರಿ ಆ ಹಣದಿಂದ ಬೇರೆಡೆ ಮಸೀದಿ ಕಟ್ಟಬಹುದು ಎನ್ನುತ್ತಾರೆ. ಕೂಫಾದಲ್ಲಿ ಬೈತುಲ್ ಮಾಲ್‌ಗೆ ಕನ್ನ ಬಿದ್ದಾಗ ಮಸೀದಿಯನ್ನೇ ಸ್ಥಳಾಂತರಿಸುವಂತೆ ಹಜ್ರತ್ ಉಮರ್(ರ) ಆದೇಶ ಕಳಿಸಿದ ಘಟನೆ ಅವರ ಆಧಾರ. ಎಲ್ಲರೂ ಒಪ್ಪುವ ಒಂದು ಮಾತೆಂದರೆ, ಮಸೀದಿ ಯಾವುದೇ ಕಮಿಟಿಯ, ಮುತವಲ್ಲಿಯ ಅಥವಾ ದಾನಿಯ ಮನೆತನದ ಸ್ವಂತ ಸೊತ್ತಲ್ಲ.

ನಮ್ಮ ದೇಶದ ಕಾನೂನಿನಲ್ಲೂ 1995ರ ವಕ್ಫ್ ಕಾಯಿದೆಗೆ 2013ರಲ್ಲಿ ಸೇರಿಸಿದ ತಿದ್ದುಪಡಿ ವಕ್ಫ್ ಸೊತ್ತಿನ ಮಾರಾಟ, ದಾನ, ಅಡಮಾನಗಳನ್ನು ನಿಷೇಧಿಸಿತು. ಆದರೆ ಕಾಗದ ಪತ್ರವೇ ಇಲ್ಲದಿದ್ದರೆ ಯಾವ ಕಾನೂನೂ ಕಾಯಲಾರದು. ಎಷ್ಟೋ ಹಳ್ಳಿಗಳಲ್ಲಿ ಮಸೀದಿಯ, ಖಬರಸ್ಥಾನದ ದಾಖಲೆ ಯಾರದೋ ಮನೆಯ ಟ್ರಂಕಿನಲ್ಲಿರುತ್ತದೆ. ಅವರು ತೀರಿಕೊಂಡರೆ ಅದೂ ಹೋಯಿತು. ಆ ಕಾಗದಗಳನ್ನು ಹುಡುಕಿ, ನಕಲು ತೆಗೆದು, ನೋಂದಣಿ ಸರಿಪಡಿಸುವುದೂ ಮಸೀದಿಯ ಖಿದ್‌ಮತ್ತೇ.

ಇತರರ ಆರಾಧನಾಲಯದ ಬಗ್ಗೆ ನಮ್ಮ ಅದಬ್

ಪವಿತ್ರ ಕುರ್‌ಆನ್ ಸೂರಃ ಅಲ್ ಹಜ್ಜ್‌ನ 40ನೇ ವಚನದಲ್ಲಿ ಮಠಗಳು, ಚರ್ಚುಗಳು, ಯಹೂದಿಯರ ಆರಾಧನಾಲಯಗಳು ಮತ್ತು ಮಸೀದಿಗಳನ್ನು ಒಟ್ಟಿಗೆ ಹೆಸರಿಸುತ್ತದೆ. ಅಲ್ಲಾಹನು ಜನರನ್ನು ಜನರಿಂದಲೇ ತಡೆಯದಿದ್ದರೆ ಇವೆಲ್ಲವೂ ಧ್ವಂಸವಾಗುತ್ತಿದ್ದವು ಎಂಬುದು ಅದರ ಆಶಯ. ಇವುಗಳ ನಾಶವನ್ನು ಕುರ್‌ಆನ್ ಒಳ್ಳೆಯದೆಂದು ಹೇಳಲಿಲ್ಲ. ನಜ್ರಾನಿನ ಕ್ರೈಸ್ತರ ನಿಯೋಗ ಮದೀನಾಕ್ಕೆ ಬಂದು ತಮ್ಮ ಪ್ರಾರ್ಥನೆಯ ಹೊತ್ತಾದಾಗ ಮಸೀದುನ್ನಬವಿಯಲ್ಲೇ ಅದನ್ನು ಸಲ್ಲಿಸಿದರೆಂದು ಪ್ರವಾದಿ ಚರಿತ್ರೆಯ ಗ್ರಂಥಗಳಲ್ಲಿದೆ. ಹಜ್ರತ್ ಉಮರ್(ರ) ಜೆರುಸಲೇಮಿಗೆ ಬಂದಾಗ ಅಲ್ಲಿನ ಪ್ರಸಿದ್ಧ ಚರ್ಚಿನೊಳಗೆ ನಮಾಝ್ ಮಾಡಲು ಪಾದ್ರಿಗಳೇ ಕರೆದರೂ ಒಪ್ಪದೆ ಹೊರಗೆ ಬಂದು ನಮಾಝ್ ಮಾಡಿದ ಘಟನೆಯನ್ನು ಇತಿಹಾಸಕಾರರು ಹೇಳುತ್ತಾರೆ. ತಾವು ಒಳಗೆ ನಮಾಝ್ ಮಾಡಿದರೆ ಮುಂದೆ ಮುಸ್ಲಿಮರು ಅದನ್ನೇ ನೆಪ ಮಾಡಿ ಚರ್ಚನ್ನು ತಮ್ಮದಾಗಿಸಿಕೊಂಡಾರು ಎಂಬುದು ಅವರ ಮುಂದಾಲೋಚನೆ.

ಹಾಗಾದರೆ ಹ್ಯಾಂಬರ್ಗ್‌ನವರು ಮಾಡಿದ್ದು ತಪ್ಪೇ? ಅಲ್ಲ. ಆ ಚರ್ಚನ್ನು ಅದರ ಜನರೇ ಬಿಟ್ಟಿದ್ದರು, ಕಾನೂನಿನಂತೆ ಮಾರಿದ್ದರು. ಮುಸ್ಲಿಮರು ಅದನ್ನು ಕೊಂಡದ್ದು ಖಾಸಗಿ ಮಾಲೀಕನಿಂದ. ಪ್ರವಾದಿವರ್ಯರು(ಸ) ಮದೀನಾದ ಮಸೀದಿಗೆ ಆರಿಸಿದ ನೆಲ ಇಬ್ಬರು ಅನಾಥ ಬಾಲಕರದಾಗಿತ್ತು. ಅವರು ಉಚಿತವಾಗಿ ಕೊಡುತ್ತೇವೆಂದರೂ ಪ್ರವಾದಿವರ್ಯರು(ಸ) ಬೆಲೆ ಕೊಟ್ಟೇ ಪಡೆದರು. ಮಸೀದಿಯ ಬುನಾದಿಯಲ್ಲಿ ಇನ್ನೊಬ್ಬರ ಹಕ್ಕು ಹೂತುಹೋಗಬಾರದು ಎಂಬುದು ಇದರ ಪಾಠ. ಕೊಂಡ ಕಟ್ಟಡವನ್ನು ಮಸೀದಿ ಮಾಡುವಾಗ ಚಿತ್ರ, ಪ್ರತಿಮೆಗಳನ್ನು ತೆಗೆಯಬೇಕು. ಪೂರ್ವಕ್ಕೆ ಮುಖ ಮಾಡಿ ಕಟ್ಟಿದ ಚರ್ಚಿನಲ್ಲಿ ಸಫ್‌ಗಳು ಓರೆಯಾಗಿ ಬರುತ್ತವೆ, ಏಕೆಂದರೆ ಆ ದೇಶಗಳಿಂದ ಕಿಬ್ಲಾ ಇರುವುದು ಆಗ್ನೇಯ ದಿಕ್ಕಿಗೆ. ಇದರಿಂದ ನಮಾಝ್‌ಗೆ ತೊಂದರೆಯೇನೂ ಇಲ್ಲ.

ಲಂಡನ್ನಿನ ಬ್ರಿಕ್ ಲೇನ್ ಬೀದಿಯ ಮಸೀದಿಯ ಇತಿಹಾಸ ಈ ಮಾತಿಗೆ ಒಳ್ಳೆಯ ಸಾಕ್ಷಿ. ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದ ಪ್ರೊಟೆಸ್ಟೆಂಟ್ ಕ್ರೈಸ್ತರು 1743ರಲ್ಲಿ ಅದನ್ನು ಚರ್ಚಾಗಿ ಕಟ್ಟಿದರು. 1819ರಲ್ಲಿ ಅದು ಮೆಥಡಿಸ್ಟರ ಕೈಗೆ ಬಂತು. ಪೂರ್ವ ಯುರೋಪಿನಿಂದ ಜೀವ ಉಳಿಸಿಕೊಂಡು ಬಂದ ಯಹೂದಿಯರು 1898ರಲ್ಲಿ ಅದನ್ನು ತಮ್ಮ ಆರಾಧನಾಲಯ ಮಾಡಿಕೊಂಡರು. ಅವರು ಬೇರೆ ಬಡಾವಣೆಗಳಿಗೆ ಹೋದ ಮೇಲೆ, 1976ರಲ್ಲಿ ಬಾಂಗ್ಲಾದೇಶ ಮೂಲದವರು ಅಲ್ಲಿ ಮಸೀದಿ ತೆರೆದರು. ಗೋಡೆಯಲ್ಲಿ 1743ರ ಸೂರ್ಯಗಡಿಯಾರ ಇನ್ನೂ ಇದೆ. ಮನುಷ್ಯರು ಬರಿಯ ನೆರಳು ಎಂಬ ಅರ್ಥದ ಲ್ಯಾಟಿನ್ ಬರಹ ಅದರ ಮೇಲಿದೆ. ಮುಸ್ಲಿಮರು ಅದನ್ನು ಕಿತ್ತು ಹಾಕಲಿಲ್ಲ. ಇಂದು ಅಲ್ಲಿ ಸುಜೂದ್ ಮಾಡುವವರು ತಾವೇ ಕೊನೆಯವರು ಎಂದುಕೊಳ್ಳುವಂತಿಲ್ಲ. ಅವರ ಮಕ್ಕಳು ಬರದಿದ್ದರೆ ಆ ಕಟ್ಟಡಕ್ಕೆ ಐದನೆಯ ಬಳಕೆ ಸಿಗುತ್ತದೆ.

ಖಾಲಿಯಾದ ಚರ್ಚು ಮತ್ತೆ ತುಂಬಿದ್ದೂ ಉಂಟು. ಇಂಗ್ಲೆಂಡಿನ ಪ್ರೆಸ್ಟನ್ ನಗರದಲ್ಲಿ 2014ರಲ್ಲಿ ಮುಚ್ಚಿದ ಒಂದು ಕ್ಯಾಥೊಲಿಕ್ ಚರ್ಚನ್ನು ನಮ್ಮ ನೆರೆಯ ಕೇರಳದಿಂದ ಹೋದ ಸಿರಿಯನ್ ಕ್ಯಾಥೊಲಿಕರು ಮರುವರ್ಷ ವಹಿಸಿಕೊಂಡರು. ಈಗ ಅದು ಅವರ ಪ್ರಧಾನ ಚರ್ಚು. ಅಂದರೆ ಆ ಕಟ್ಟಡದಲ್ಲಿ ದೋಷವಿರಲಿಲ್ಲ, ಮಕ್ಕಳನ್ನು ಕೈಹಿಡಿದು ಕರೆತರುವ ಕುಟುಂಬಗಳು ಇರಲಿಲ್ಲ, ಅಷ್ಟೇ.

ನಮ್ಮ ಮುಂದಿರುವ ಕೆಲಸ

ಅಲ್ಲಾಹನ ಮಸೀದಿಗಳನ್ನು ಆಬಾದ್ ಮಾಡುವವರು ಯಾರು ಎಂಬುದನ್ನು ಸೂರಃ ಅತ್ತೌಬಾದ 18ನೇ ವಚನ ಹೇಳುತ್ತದೆ. ಅಲ್ಲಾಹ್ ಮತ್ತು ಅಂತ್ಯದಿನದ ಮೇಲೆ ವಿಶ್ವಾಸ, ನಮಾಝ್, ಝಕಾತ್, ಅಲ್ಲಾಹನ ಹೊರತು ಇನ್ನಾರನ್ನೂ ಭಯಪಡದಿರುವುದು. ಅದರಲ್ಲಿ ಅಮೃತಶಿಲೆಯ ಮಾತಿಲ್ಲ, ಏಸಿಯ ಮಾತಿಲ್ಲ, ಮಿನಾರದ ಎತ್ತರದ ಮಾತೂ ಇಲ್ಲ. ಇಟ್ಟಿಗೆಯಿಂದ ಮಸೀದಿ ಕಟ್ಟಬಹುದು, ಆಬಾದ್ ಮಾಡುವುದು ಮನುಷ್ಯರಿಂದ ಮಾತ್ರ.

ಪಶ್ಚಿಮದಲ್ಲಿ ಜನ ಹೊರಟುಹೋದ ಮೇಲೆ ಚರ್ಚುಗಳೊಳಗೆ ಗ್ರಂಥಾಲಯ ಬಂತು, ಆಟ ಬಂತು, ಊಟ ಬಂತು. ಪ್ರವಾದಿವರ್ಯರ(ಸ) ಮಸೀದಿಯಲ್ಲಿ ಜನ ಇದ್ದಾಗಲೇ ಇವೆಲ್ಲ ಇದ್ದವು. ಅಲ್ಲಿ ಸುಫ್ಫಾದ ಬಡ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಊಟ ಪಡೆಯುತ್ತಿದ್ದರು. ಗಾಯಾಳುಗಳಿಗೆ ಅಲ್ಲೇ ಡೇರೆ ಹಾಕಿದ್ದರು. ಈದ್ ದಿನ ಅಬಿಸೀನಿಯಾದವರು ಈಟಿಯ ಆಟ ಆಡಿದರು. ಹಜ್ರತ್ ಹಸನ್ ಮತ್ತು ಹುಸೈನ್(ರ) ಅಜ್ಜನ ಬೆನ್ನೇರಿದ್ದೂ ಸುಜೂದಿನಲ್ಲೇ. ಈ ಗುಟ್ಟು ಈಗ ಇಂಗ್ಲೆಂಡಿನ ಕೆಲವು ಪಾದ್ರಿಗಳಿಗೂ ಹೊಳೆದಿದೆ. ಲಂಡನ್ನಿನ ವೆಸ್ಟ್ ಹ್ಯಾಂಪ್‌ಸ್ಟೆಡ್‌ನ ಸಂತ ಜೇಮ್ಸ್ ಚರ್ಚು 2014ರಲ್ಲಿ ತನ್ನೊಳಗೆ ಅಂಚೆ ಕಚೇರಿ ತೆರೆಯಿತು. ಮಕ್ಕಳ ಆಟದ ಜಾಗವನ್ನೂ ಇಟ್ಟುಕೊಂಡಿತು, ಪ್ರಾರ್ಥನೆಯನ್ನೂ ಬಿಡಲಿಲ್ಲ. ನಾವು ಮಸೀದಿಯ ಒಳಗೆ ಅಂಗಡಿ ಇಡಬೇಕೆಂದು ಹೇಳುತ್ತಿಲ್ಲ, ಮಸೀದಿಯಲ್ಲಿ ವ್ಯಾಪಾರ ನಿಷಿದ್ಧ. ಆದರೆ ಐದು ನಮಾಝ್‌ಗಳ ನಡುವೆ ಬೀಗ ಹಾಕಿಡುವುದು ಪ್ರವಾದಿವರ್ಯರ(ಸ) ಮಸೀದಿಯ ಮಾದರಿಯಲ್ಲ.

ಆದ್ದರಿಂದ ಕಮಿಟಿಯವರಲ್ಲೂ ಮನೆಯವರಲ್ಲೂ ನಮ್ಮ ಕೆಲವು ವಿನಂತಿಗಳಿವೆ.

ಮಕ್ಕಳನ್ನು ಗದರಿಸಿ ಓಡಿಸಬೇಡಿ. ಹಿಂದಿನ ಸಫ್‌ನಲ್ಲಿ ನಕ್ಕನೆಂದು ಹತ್ತು ವರ್ಷದ ಹುಡುಗನ ಕಿವಿ ಹಿಂಡಿ ಹೊರಗೆ ಕಳಿಸಿದರೆ, ಇಪ್ಪತ್ತನೆಯ ವಯಸ್ಸಿನಲ್ಲಿ ಅವನನ್ನು ಒಳಗೆ ಕರೆಯಲು ನಾವು ಅವನ ಮನೆ ಬಾಗಿಲಿಗೆ ಹೋಗಬೇಕಾಗುತ್ತದೆ.

ಖುತ್ಬಾದ ಮೊದಲಿನ ಬಯಾನ್ ಅವರಿಗೆ ತಿಳಿಯುವ ಭಾಷೆಯಲ್ಲಿರಲಿ. ಶಾಲೆಯಲ್ಲಿ ಕನ್ನಡ ಓದುವ ಹುಡುಗನಿಗೆ ಉರ್ದುವಿನ ಭಾರವಾದ ಮಾತುಗಳು ಅರ್ಥವಾಗದಿದ್ದರೆ ಅದು ಅವನ ತಪ್ಪಲ್ಲ. ಪ್ರಶ್ನೆ ಕೇಳಿದ ಯುವಕನಿಗೆ ‘ಹೀಗೆಲ್ಲ ಕೇಳಬಾರದು’ ಎನ್ನಬೇಡಿ. ಯುರೋಪಿನಲ್ಲಿ ಎದ್ದು ಹೋದವರಲ್ಲಿ ಅನೇಕರು ಮೊದಲು ಪ್ರಶ್ನೆ ಕೇಳಿದವರೇ.

ಮಸೀದಿಯ ಪಕ್ಕದ ಕೋಣೆಯಲ್ಲಿ ಪುಸ್ತಕದ ಕಪಾಟು, ಪರೀಕ್ಷೆಯ ದಿನಗಳಲ್ಲಿ ಓದಲು ಬೆಳಕು, ಪ್ರಯಾಣದಲ್ಲಿರುವ ಸಹೋದರಿಯರಿಗೆ ವುಝೂ ಮತ್ತು ನಮಾಝ್‌ಗೆ ಮರೆಯಿರುವ ಜಾಗ, ಇವಿಷ್ಟಾದರೂ ಇರಲಿ. ಎರಡು ಮಸೀದಿಗಳಾಗಿ ಒಡೆದಿರುವ ಮೊಹಲ್ಲಾಗಳ ಹಿರಿಯರು ಕನಿಷ್ಠ ಒಂದು ಕೆಲಸವನ್ನು, ಅದು ಟ್ಯೂಷನ್ ಆಗಲಿ ಬಡವರ ರೇಷನ್ ಆಗಲಿ, ಒಟ್ಟಿಗೆ ಮಾಡಲಿ. ಸ್ಕಾಟ್‌ಲ್ಯಾಂಡಿನವರಿಗೆ ಮತ್ತೆ ಒಂದಾಗಲು 86 ವರ್ಷ ಬೇಕಾಯಿತು.

ಗಲ್ಫ್‌ಗೆ, ಬೆಂಗಳೂರಿಗೆ ದುಡಿಯಲು ಹೋದವರಲ್ಲೂ ಒಂದು ಮಾತು. ನಿಮ್ಮ ಹಣದಿಂದ ಊರಿನ ಮಸೀದಿಗೆ ಹೊಸ ಮಾಡು ಬಂತು, ಅಲ್ಲಾಹನು ಸ್ವೀಕರಿಸಲಿ. ಆ ಮಾಡಿನ ಕೆಳಗೆ ಫಜ್ರ್‌ಗೆ ಇಮಾಮ್, ಮುಅಝ್ಝಿನ್ ಮತ್ತು ಇಬ್ಬರು ಹಿರಿಯರು ಮಾತ್ರ ನಿಲ್ಲುವ ಊರುಗಳಿವೆ. ರಜೆಗೆ ಬಂದಾಗ ಹೊಸ ಟೈಲ್ಸಿನ ಫೋಟೊ ತೆಗೆಯುವುದರ ಜೊತೆಗೆ ನಿಮ್ಮ ಮಗನನ್ನು ಫಜ್ರ್‌ಗೆ ಎಬ್ಬಿಸಿ ಕೈಹಿಡಿದು ತನ್ನಿ. ಅವನು ಈ ಜಾಗವನ್ನು ತನ್ನದೆಂದು ತಿಳಿಯುವುದು ನಿಮ್ಮ ಚಂದಾ ರಸೀದಿಯಿಂದಲ್ಲ.

ಮದೀನಾದ ಮಸೀದಿಯನ್ನು ಗುಡಿಸುತ್ತಿದ್ದ ಒಬ್ಬ ಸಾಮಾನ್ಯ ವ್ಯಕ್ತಿ ತೀರಿಕೊಂಡಾಗ ಸಹಾಬಿಗಳು ಅದನ್ನು ಸಣ್ಣ ವಿಷಯವೆಂದು ಪ್ರವಾದಿವರ್ಯರಿಗೆ(ಸ) ತಿಳಿಸಲಿಲ್ಲ. ಪ್ರವಾದಿವರ್ಯರು(ಸ) ವಿಚಾರಿಸಿ, ಖಬರ್ ಎಲ್ಲಿದೆಯೆಂದು ಕೇಳಿ, ಅಲ್ಲಿಗೆ ಹೋಗಿ ಜನಾಝಾ ನಮಾಝ್ ಮಾಡಿದರು. ಮಸೀದಿಯನ್ನು ಜೀವಂತವಾಗಿಡುವುದು ಇಂಥ ದಿನನಿತ್ಯದ ಕೈಗಳು. ಬೇರೆ ಯಾವ ನೆರಳೂ ಇಲ್ಲದ ದಿನ ಅಲ್ಲಾಹನ ನೆರಳು ಪಡೆಯುವ ಏಳು ಬಗೆಯ ಜನರಲ್ಲಿ ಮಸೀದಿಯ ಕಡೆಗೆ ಹೃದಯ ನೆಟ್ಟವನೂ ಒಬ್ಬನೆಂದು ಬುಖಾರಿ ಮತ್ತು ಮುಸ್ಲಿಮ್‌ನ ಹದೀಸಿನಲ್ಲಿದೆ.

ಅಲ್ಲಾಹನು ನಮ್ಮ ಹೃದಯಗಳನ್ನು ಅವನ ಭವನಗಳೊಂದಿಗೆ ಬೆಸೆಯಲಿ, ನಮ್ಮ ಮಕ್ಕಳನ್ನು ಅವುಗಳ ನಿಜವಾದ ವಾರಸುದಾರರನ್ನಾಗಿ ಮಾಡಲಿ, ನೆರೆಯವರ ಆರಾಧನಾಲಯಗಳ ಗೌರವ ಕಾಯುವ ಅದಬನ್ನು ನಮಗೆ ದಯಪಾಲಿಸಲಿ. ಆಮೀನ್.